ಸರಸ್ವತಿಯ ಕೆಳಗಿದ್ದ ಹದಿನಾಲ್ಕು ಲಕೋಟೆ

ರಾತಾವೈ ಜಿಲ್ಲೆಯಲ್ಲಿ ಮನುಷ್ಯರು ಒಂಬತ್ತು ಸಾವಿರ; ಕುರಿಗಳೆಷ್ಟೆಂದು ಕುರಿಗಳಿಗೂ ಗೊತ್ತಿಲ್ಲ. ಇಷ್ಟೊಂದು ಮೇಯುವ ಊರಿಗೆ ಒಬ್ಬ ಮೇಯರ್ ಬೇಕಾದದ್ದು ನ್ಯಾಯವೇ ಎಂದು ಪ್ರಕಾಶ್ ಮೂರು ವರ್ಷದಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ತಾನೇ ನಗುತ್ತಿದ್ದ. ಆ ಮೇಯರ್ ಆಗಿದ್ದ ಅವನ ಹೆಂಡತಿ ಕಾತ್ಯಾಯಿನಿ ನಗುವುದನ್ನು ಎರಡನೆಯ ಸಲಕ್ಕೇ ನಿಲ್ಲಿಸಿದ್ದಳು.

ಕಾತ್ಯಾಯಿನಿ ಧಾರವಾಡದವಳು. ನರ್ಸಿಂಗ್ ಓದಿ, ಅಲ್ಲಿಯೇ ಡಯಾಲಿಸಿಸ್ ವಿಭಾಗದಲ್ಲಿ ಏಳು ವರ್ಷ ದುಡಿದು, ಗಂಡನನ್ನೂ ನಾಲ್ಕು ವರ್ಷದ ಮಗಳು ಮಾನ್ಯಳನ್ನೂ ಕರೆದುಕೊಂಡು ನ್ಯೂಜಿಲೆಂಡಿನ ಪಾಪಕುರಾದಲ್ಲಿ ಬಂದಿಳಿದಳು. ಪಾಪ, ಆ ಊರು ಅವರಿಗೇನೂ ಕೇಡು ಮಾಡಲಿಲ್ಲ. ಆದರೆ ಪ್ರಕಾಶನಿಗೆ ವೆಲ್ಲಿಂಗ್ಟನ್ನಿನ ಸರಕಾರಿ ಇಲಾಖೆಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಅಲ್ಲಿನ ಬಾಡಿಗೆ ಕೇಳಿ ಬೆಚ್ಚಿಬಿದ್ದು, ರೈಲಿನಲ್ಲಿ ಒಂದು ತಾಸು ದೂರದ ರಾತಾವೈಯಲ್ಲಿ ಮನೆ ಹಿಡಿದರು. ಕಾತ್ಯಾಯಿನಿಗೆ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ದೊರೆಯಿತು.

ಅವಳ ರಾಜಕೀಯ ಶುರುವಾದದ್ದು ಆ ವೃದ್ಧಾಶ್ರಮದ ಹೊಸ್ತಿಲಲ್ಲಿ, ಹನ್ನೆರಡು ವರ್ಷದ ಹಿಂದೆ.

ಈ ದೇಶದಲ್ಲಿ ಊರ ಚುನಾವಣೆಗೆ ಮತಗಟ್ಟೆಯಿಲ್ಲ, ಸರತಿ ಸಾಲಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಮೂರು ವರ್ಷಕ್ಕೊಮ್ಮೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಗುರುತು ಹಾಕಿ, ಜೊತೆಗೆ ಬಂದ ಲಕೋಟೆಯಲ್ಲಿ ಅಂಟಿಸಿ, ಅಂಚೆ ಡಬ್ಬಿಗೋ ಕೌನ್ಸಿಲ್ ಇಟ್ಟಿರುವ ಕಿತ್ತಳೆ ಬಣ್ಣದ ಪೆಟ್ಟಿಗೆಗೋ ಹಾಕಿದರೆ ಪ್ರಜಾಪ್ರಭುತ್ವ ಮುಗಿಯಿತು. ಆ ವರ್ಷ ಟ್ರೆವರ್ ಎಂಬ ಕೌನ್ಸಿಲರ್, ಕುರಿ ಉಣ್ಣೆ ಕತ್ತರಿಸುವ ಗುತ್ತಿಗೆ ಮಾಡಿ ನಿವೃತ್ತನಾದ ಆಜಾನುಬಾಹು, ಒಂದು ಬಟ್ಟೆ ಚೀಲ ಹಿಡಿದು ವೃದ್ಧಾಶ್ರಮಕ್ಕೆ ಬಂದ. ಅವನು ಪ್ರತಿ ಗುರುವಾರವೂ ಬರುತ್ತಿದ್ದವನೇ. ಮುದುಕಿಯರಿಗೆ ಪೇಪರ್ ಓದಿ ಹೇಳಿ, ತಾನೇ ಬೇಯಿಸಿದ ಸ್ಕೋನ್ ಎಂಬ ಸಣ್ಣ ಬನ್ನು ತಿನ್ನಿಸಿ ಹೋಗುತ್ತಿದ್ದ. ಆ ಗುರುವಾರ ಮಾತ್ರ ಎಲ್ಲರ ಲಕೋಟೆ ಒಯ್ದು ಪೆಟ್ಟಿಗೆಗೆ ಹಾಕುತ್ತೇನೆ ಎಂದ.

ಬಾಗಿಲಲ್ಲಿ ನಿಂತ ಕಾತ್ಯಾಯಿನಿ ಬೇಡವೆಂದಳು.

"ನಾನು ಮುಟ್ಟುವುದೂ ಇಲ್ಲ ಸಿಸ್ಟರ್. ಚೀಲ ಹಿಡಿದು ನಿಲ್ಲುತ್ತೇನೆ, ಅವರೇ ಹಾಕುತ್ತಾರೆ," ಎಂದ ಟ್ರೆವರ್.

"ಚೀಲ ಯಾರದು?"

"ನನ್ನದು."

"ಮತಪತ್ರದಲ್ಲಿ ಹೆಸರು ಯಾರದು?"

"ಅದರಲ್ಲೂ ಒಂದು ನನ್ನದು," ಎಂದು ಟ್ರೆವರ್ ನಕ್ಕ. "ಹೋಗಲಿ, ನನ್ನ ನೆರೆಯವನನ್ನು ಕಳಿಸುತ್ತೇನೆ."

"ಅವರೂ ಬೇಡ. ನೀವೂ ಬೇಡ, ನಾನೂ ಬೇಡ. ಲಕೋಟೆ ಯಾರದೋ ಅವರು ಹಾಕಲಿ, ಇಲ್ಲವೇ ಅವರ ಮನೆಯವರು ಬಂದು ಒಯ್ಯಲಿ."

ಕಾನೂನು ಅಷ್ಟು ಬಿಗಿಯಾಗಿರಲಿಲ್ಲ, ಕಾತ್ಯಾಯಿನಿ ಬಿಗಿಯಾಗಿದ್ದಳು. ಟ್ರೆವರ್ ಸಿಟ್ಟಾಗದೆ ಚೀಲ ಮಡಚಿ ಜೇಬಿಗಿಟ್ಟು, ಎಂದಿನಂತೆ ಸ್ಕೋನ್ ಹಂಚಿ ಹೋದ. ಊರ ಪತ್ರಿಕೆಯವರಿಗೆ ಯಾರೋ ಸುದ್ದಿ ಮುಟ್ಟಿಸಿದರು. ಮುಂದಿನ ವಾರ 'ಬಾಗಿಲಲ್ಲಿ ನಿಂತ ನರ್ಸ್' ಎಂದು ಅವಳ ಫೋಟೊ ಬಂತು. ಮಾಸ್ಕ್ ಹಾಕಿಕೊಂಡಿದ್ದ ಫೋಟೊ. ಆದ್ದರಿಂದ ಎಲ್ಲರಿಗೂ ಹಿಡಿಸಿತು.

ಮೂರು ವರ್ಷದ ನಂತರ ಅವಳು ಕೌನ್ಸಿಲಿಗೆ ನಿಂತು ಗೆದ್ದಳು. ಮೊದಲ ಸಾಧನೆ ಬಸ್ ಶೆಲ್ಟರ್. ಸ್ಟೇಷನ್ ರಸ್ತೆಯ ಶೆಲ್ಟರನ್ನು ಯಾವನೋ ಪುಣ್ಯಾತ್ಮ ದಕ್ಷಿಣದ ಗಾಳಿಗೆ ಬಾಯಿ ತೆರೆದು ಕಟ್ಟಿಸಿದ್ದ. ಒಳಗೆ ನಿಂತವರಿಗೆ ಹೊರಗೆ ನಿಂತವರಿಗಿಂತ ಹೆಚ್ಚು ಚಳಿ. ಕಾತ್ಯಾಯಿನಿ ಹಟ ಹಿಡಿದು ಹದಿಮೂರು ತಿಂಗಳಲ್ಲಿ ಅದರ ಮುಖ ತಿರುಗಿಸಿದಳು. ಗಾಳಿ ನಿಂತಿತು, ಜೊತೆಗೆ ಬಸ್ಸುಗಳು ನಿಲ್ಲುವುದೂ ನಿಂತಿತು. ಶೆಲ್ಟರಿನ ಬೆನ್ನು ಈಗ ರಸ್ತೆಗಿದ್ದು, ಒಳಗಿದ್ದವರು ಡ್ರೈವರಿಗೆ ಕಾಣುತ್ತಿರಲಿಲ್ಲ. ಇನ್ನು ಐದು ತಿಂಗಳು ಓಡಾಡಿ ಬೆನ್ನಿಗೊಂದು ಗಾಜಿನ ಕಿಟಕಿ ಕೊರೆಸಿದಳು. ಒಳ್ಳೆಯ ಕೆಲಸ ಮಾಡಿದ ಮೇಲೆ ಅದರ ಹಿಂಬದಿಯನ್ನೂ ಒಮ್ಮೆ ಹೋಗಿ ನೋಡಬೇಕು ಎಂದು ಆಗ ಕಲಿತಳು. ಕಲಿತದ್ದು ಶೆಲ್ಟರುಗಳಿಗೆ ಮಾತ್ರ ಅನ್ವಯ ಎಂದುಕೊಂಡಿದ್ದಳು.

ನಂತರ ಡೆಪ್ಯುಟಿ ಮೇಯರ್. ಅದರ ನಂತರ, ಟ್ರೆವರನನ್ನೇ ಅರವತ್ತೆರಡು ಮತಗಳಿಂದ ಸೋಲಿಸಿ ಮೇಯರ್. ವೃದ್ಧಾಶ್ರಮ ಬಿಟ್ಟು ಡಯಾಲಿಸಿಸ್ ಘಟಕಕ್ಕೆ ಮರಳಿದ್ದ ಅವಳು, ಮೇಯರ್ ಆದ ಮೇಲೂ ವಾರಕ್ಕೊಂದು ಶಿಫ್ಟ್ ಬಿಡಲಿಲ್ಲ. ಎರಡೂ ಒಂದೇ ಕೆಲಸ ಎನ್ನುತ್ತಿದ್ದಳು. ಒಳಗೆ ಹೋದ ನೀರೆಷ್ಟು, ಹೊರಗೆ ಬಂದ ನೀರೆಷ್ಟು ಎಂದು ಬರೆದಿಡುವುದು. ಲೆಕ್ಕ ತಪ್ಪಿದರೆ ಮನುಷ್ಯನೂ ಬಾತುಕೊಳ್ಳುತ್ತಾನೆ, ಊರೂ ಬಾತುಕೊಳ್ಳುತ್ತದೆ. ರಾತಾವೈಯ ಕೆಳಬೀದಿ ಪ್ರತಿ ದೊಡ್ಡ ಮಳೆಗೂ ಬಾತುಕೊಳ್ಳುತ್ತಿತ್ತು. ಅಲ್ಲಿಗೆ ದೊಡ್ಡ ಕೊಳವೆ ಹಾಕಿಸುವುದಕ್ಕಾಗಿ ಅವಳು ಊರ ತೆರಿಗೆ ಏರಿಸಿದ್ದಳು. ಈ ಅಕ್ಟೋಬರಿನ ಚುನಾವಣೆಯ ಹೊತ್ತಿಗೆ ಅರ್ಧ ಕೊಳವೆ ನೆಲದೊಳಗಿತ್ತು, ಅರ್ಧ ರಸ್ತೆ ಬದಿಯಲ್ಲಿ ಮಕ್ಕಳಿಗೆ ಆಟದ ಸುರಂಗವಾಗಿತ್ತು. ಮತ್ತೆ ಎದುರು ನಿಂತ ಟ್ರೆವರ್, ತಾನು ಗೆದ್ದರೆ ಕೊಳವೆ ಕೆಲಸ ನಿಲ್ಲಿಸಿ ತೆರಿಗೆ ಇಳಿಸುತ್ತೇನೆ ಎಂದು ಬೋರ್ಡು ಹಾಕಿದ್ದ. ಕಾತ್ಯಾಯಿನಿಗೆ ಇನ್ನು ಮೂರು ವರ್ಷ ಬೇಕಾಗಿದ್ದದ್ದು ಕೊರಳಿನ ಮೇಯರ್ ಸರಕ್ಕಲ್ಲ. ಆ ಸರ ಅವಳ ಇಳಕಲ್ ಸೀರೆಯ ಸೆರಗಿಗೆ ಸಿಕ್ಕಿಕೊಂಡು ಪ್ರತಿ ಸಮಾರಂಭದಲ್ಲೂ ಮಾನ ಕಳೆಯುತ್ತಿತ್ತು. ಬೇಕಾಗಿದ್ದದ್ದು ಉಳಿದರ್ಧ ಕೊಳವೆಗೆ.

ಇನ್ನು ಲಕೋಟೆಗಳ ವಿಷಯ.

ಮೇಯರ್ ಆದ ಮೇಲೆ ಅವಳು ತನ್ನ ಹಳೆಯ ನಿಯಮವನ್ನು ಒಂದು ಕರಪತ್ರವಾಗಿ ಅಚ್ಚು ಹಾಕಿಸಿದ್ದಳು: ನಿಮ್ಮ ಲಕೋಟೆ ನೀವೇ ಹಾಕಿ, ಇಲ್ಲವೇ ನಿಮ್ಮ ಮನೆಯವರ ಕೈಯಲ್ಲಿ ಕೊಡಿ, ಬೇರೆ ಯಾರಿಗೂ ಕೊಡಬೇಡಿ. ರಾತಾವೈಯಲ್ಲಿ ಹನ್ನೊಂದು ಕನ್ನಡ ಮನೆಗಳಿವೆ. ಎಲ್ಲರೂ ಕರಪತ್ರ ಓದಿದರು, ಎಲ್ಲರೂ ಒಪ್ಪಿದರು, ಒಪ್ಪಿ ಹೆಚ್ಚಿನವರು ತಮ್ಮ ಲಕೋಟೆಯನ್ನು ವಾಸುದೇವ್ ಅಂಕಲ್ ಕೈಗೆ ಕೊಟ್ಟರು.

ವಾಸುದೇವ್ ಮತ್ತು ಪದ್ಮಾವತಿ ಮೈಸೂರಿನವರು, ಕಾತ್ಯಾಯಿನಿಯ ಎದುರು ಮನೆಯವರು. ವಾಸುದೇವ್ ಮೂವತ್ತೆರಡು ವರ್ಷ ಸರಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ದುಡಿದವರು. ಪದ್ಮಾವತಿ ಈ ತಣ್ಣನೆ ಊರಿನಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸುವವರು. ಹನ್ನೊಂದು ಮನೆಗಳಿಗೂ ಅವರು ಅಂಕಲ್, ಆಂಟಿ. ಬಾಣಂತನಕ್ಕೆ ಆಂಟಿ, ಮಕ್ಕಳನ್ನು ಶಾಲೆಯಿಂದ ಕರೆತರಲು ಅಂಕಲ್, ಗಂಡಹೆಂಡಿರ ಜಗಳಕ್ಕೆ ಇಬ್ಬರೂ. ಅವರು ಮನೆಯವರಲ್ಲ ಎಂದು ಯಾರಿಗಾದರೂ ಹೊಳೆಯುವುದಾದರೂ ಹೇಗೆ? ಅಂಕಲ್ ದಿನಾ ಬೆಳಿಗ್ಗೆ ಸೂಪರ್‌ಮಾರ್ಕೆಟ್‌ವರೆಗೆ ವಾಕಿಂಗ್ ಹೋಗುತ್ತಾರೆ, ಕಿತ್ತಳೆ ಪೆಟ್ಟಿಗೆ ಅಲ್ಲೇ ಇದೆ. ನವರಾತ್ರಿಯಲ್ಲಿ ಗೊಂಬೆ ನೋಡಲು, ಕುಂಕುಮಕ್ಕೆಂದು ಬಂದವರು ಬರುವಾಗ ಲಕೋಟೆ ತಂದರು, ಹೋಗುವಾಗ ಕೋಸಂಬರಿ ಒಯ್ದರು. ಹೀಗೆ ಹದಿನಾಲ್ಕಾದವು. ಎಲ್ಲ ಲಕೋಟೆಯೂ ಒಂದೇ ಥರ ಇರುವುದರಿಂದ, ರೆಕಾರ್ಡ್ ರೂಮಿನ ಶಿಸ್ತಿನಂತೆ ವಾಸುದೇವ್ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದರು.

ಸರಸ್ವತಿ ಪೂಜೆಯ ದಿನ ಪದ್ಮಾವತಿ ಪುಸ್ತಕಗಳನ್ನು ಪೇರಿಸಿ ಪೂಜೆಗಿಡುವಾಗ ಲಕೋಟೆಗಳನ್ನೂ ಅಡಿಯಲ್ಲಿಟ್ಟರು. ನಮ್ಮ ಹುಡುಗಿ ನಿಂತಿದ್ದಾಳೆ, ಒಂದು ದಿನ ದೇವಿಯ ಮುಂದಿರಲಿ ಎಂದು. ಮೇಲೆ ಕೆಂಪು ವಸ್ತ್ರ ಹೊದಿಸಿ, ವಿಜಯದಶಮಿಯವರೆಗೆ ಯಾರೂ ಮುಟ್ಟಬಾರದೆಂದರು. ದಶಮಿಯ ಬೆಳಿಗ್ಗೆ ವಾಸುದೇವರ ಸೊಂಟ ಹಿಡಿದುಕೊಂಡಿತು. ವಾಕಿಂಗ್ ನಿಂತಿತು, ಗೊಂಬೆ ಇಳಿಸುವುದೂ ನಿಂತಿತು. ಸೊಂಟ ಹಿಡಿಯುವ ಮೊದಲೇ ಅವರು ಹಾಕಿ ಬಂದಿದ್ದಾರೆ ಎಂದು ಹೆಂಡತಿ ತಿಳಿದರು. ಪೂಜೆ ಮುಗಿಸಿ ಯಾರ ಕೈಯಲ್ಲೋ ಇವಳು ಕಳಿಸಿದ್ದಾಳೆ ಎಂದು ಗಂಡ ತಿಳಿದರು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಇಷ್ಟು ನಂಬಿಕೆ ಸಹಜ.

ಅಕ್ಟೋಬರ್ ಹನ್ನೊಂದು, ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಪೆಟ್ಟಿಗೆಗೆ ಮೊಹರು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಕಾತ್ಯಾಯಿನಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮನಸ್ಸು ನೆಟ್ಟಗಿಲ್ಲದಾಗ ಅವಳು ಹಿಟ್ಟನ್ನು ಬಡಿಯುವುದು ರೂಢಿ. ಪ್ರಕಾಶ್ ಗೆಳೆಯನ ಯೂಟ್ ಎಂಬ ಸಾಮಾನು ಗಾಡಿಯಲ್ಲಿ ಹಾಸಿಗೆ ಹೇರಿಕೊಂಡು, ಫ್ಲ್ಯಾಟ್ ಬದಲಿಸುತ್ತಿದ್ದ ಮಾನ್ಯಳಿಗೆ ನೆರವಾಗಲು ವೆಲ್ಲಿಂಗ್ಟನ್ ಬದಿಯ ಜಾನ್ಸನ್‌ವಿಲ್‌ಗೆ ಹೋಗಿದ್ದ. ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು.

"ಕಾತ್ಯಾಯಿನೀ! ಬಾರೇ ಬೇಗ! ಅನರ್ಥ ಆಗೋಯ್ತು ಕಣೇ!"

ಅಂಕಲ್‌ಗೆ ಏನೋ ಆಯಿತೆಂದು ಹಿಟ್ಟಿನ ಕೈಯಲ್ಲೇ ಓಡಿದಳು. ಅಂಕಲ್ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಗೋಡೆ ಹಿಡಿದು ನಿಂತಿದ್ದರು. ಗೊಂಬೆ ಇಳಿಸಲು ಶುರು ಮಾಡಿದ್ದ ಪದ್ಮಾವತಿಯ ಕೈಯಲ್ಲಿ ಕೆಂಪು ವಸ್ತ್ರವಿತ್ತು. ಪುಸ್ತಕಗಳು ಬದಿಗೆ ಸರಿದಿದ್ದವು. ಕೆಳಗೆ ಹದಿನಾಲ್ಕು ಲಕೋಟೆಗಳು, ಮೇಲಿನದರ ಮೇಲೆ ಒಂದು ಅಕ್ಷತೆ ಕಾಳು.

"ಇವು ಹೋಗಿಲ್ಲೇನ್ರಿ?" ಎಂದಳು ಕಾತ್ಯಾಯಿನಿ, ಎದುರಿಗಿದ್ದರೂ.

"ಇವರು ಹಾಕಿದ್ದಾರೆ ಅಂದ್ಕೊಂಡೆ ಕಣೇ."

"ಇವಳು ಕಳಿಸಿದ್ದಾಳೆ ಅಂದ್ಕೊಂಡೆನಮ್ಮ," ಎಂದರು ವಾಸುದೇವ್. ಮರುಕ್ಷಣ ಅವರ ಮುಖ ಬೆಳಗಿತು. "ಇನ್ನೂ ಐವತ್ತು ನಿಮಿಷ ಇದೆ. ನಿನ್ನ ಗಾಡಿ ಇದೆಯಲ್ಲ, ಹತ್ತು ನಿಮಿಷದ ದಾರಿ. ತಗೋ, ಹಾಕ್ಬಿಟ್ಟು ಬಾ."

ಕಾತ್ಯಾಯಿನಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅದು ಯೋಚಿಸಿ ಮಾಡಿದ್ದಲ್ಲ. ಶಸ್ತ್ರಚಿಕಿತ್ಸೆ ನೋಡುತ್ತ ನಿಂತವರು ಏನನ್ನೂ ಮುಟ್ಟಬಾರದೆಂದು ನರ್ಸಿಂಗ್ ಓದುವಾಗ ಕಲಿತ ಅಭ್ಯಾಸ ತಾನಾಗಿ ಬಂದಿತ್ತು.

"ನಾ ಒಯ್ಯೂದಿಲ್ರಿ ಅಂಕಲ್. ನಾ ಚುನಾವಣೆಗೆ ನಿಂತಾಕಿ."

"ಸರಿ, ನೀನು ಮುಟ್ಟಬೇಡ. ಪದ್ಮಾ ಮಡಿಲಲ್ಲಿ ಇಟ್ಕೊಂಡು ಕೂತಿರ್ತಾಳೆ. ನೀನು ಬರೀ ಗಾಡಿ ಓಡಿಸು."

ನಾನು ಮುಟ್ಟುವುದೂ ಇಲ್ಲ ಸಿಸ್ಟರ್, ಚೀಲ ಹಿಡಿದು ನಿಲ್ಲುತ್ತೇನೆ. ಹನ್ನೆರಡು ವರ್ಷದ ಹಿಂದಿನ ದನಿ ಅಂಕಲ್ ಬಾಯಿಂದ ಮೈಸೂರು ಕನ್ನಡದಲ್ಲಿ ಬಂದಂತಾಯಿತು.

"ಅದು ಚೀಲಾನ ಆತಲ್ರಿ," ಎಂದಳು. ಅವರಿಗೆ ಅರ್ಥವಾಗಲಿಲ್ಲ. "ನಾ ಊರಿಗೆಲ್ಲ ಹೇಳೇನಿ. ಲಕೋಟೆ ಅವರು ಹಾಕ್ಬೇಕು, ಇಲ್ಲಾ ಅವರ ಮನಿಯವರು. ಬ್ಯಾರೆಯವರು ಯಾರೂ ಒಯ್ಯಬಾರದು."

"ಹಾಗಾದ್ರೆ ನಾನು ತಗೊಂಡಿದ್ದೇ ತಪ್ಪಾಯ್ತಾ?"

"ತಪ್ಪ ಆತ್ರಿ."

"ನಾನು ಬೇರೆಯವನಾ?"

ಅವಳು ಫೋನ್ ತೆಗೆದಳು. ಲಕೋಟೆ ಹೋಗಬಾರದಿದ್ದರೆ ಜನ ಬರಲಿ. "ನೀವು ಹೆಸರು ಓದ್ರಿ ಅಂಕಲ್, ನಾ ಫೋನ್ ಹಚ್ಚತೇನಿ."

ಹಿಟ್ಟು ಮೆತ್ತಿದ ಬೆರಳಿನಿಂದ ಒಂದೊಂದೇ ಮನೆಗೆ ಫೋನ್ ಹಚ್ಚಿದಳು. ಓಡಿ ಬರ್ರಿ, ನಿಮ್ಮ ಲಕೋಟೆ ಸರಸ್ವತಿ ಕೆಳಗ ಐತಿ. ಕೆಲವರಿಗೆ ಅವಳು ತಮಾಷೆ ಮಾಡುತ್ತಿದ್ದಾಳೆ ಎನಿಸಿತು. ಮೊದಲು ಬಂದವಳು ಪಕ್ಕದ ಬೀದಿಯ ರಮಾ, ತೋಟದ ಗಂಬೂಟಿನಲ್ಲೇ. ಅವಳ ಹಿಂದೆ ಒದ್ದೆ ತಲೆಯ ಗಂಡ. ಹನ್ನೊಂದೂವರೆಗೆ ಗೇಟಿನ ಮುಂದೆ ನಾಲ್ಕು ಕಾರು. ವಾಸುದೇವ್ ಕುರ್ಚಿ ಹಾಕಿಸಿಕೊಂಡು, ಕನ್ನಡಕ ಏರಿಸಿ, ಒಂದು ನೋಟ್‌ಬುಕ್ ತೆರೆದು ಕುಳಿತಿದ್ದರು.

"ರಮಾ. ಒಂದು ಲಕೋಟೆ. ಇಲ್ಲಿ ಸಹಿ ಹಾಕಮ್ಮ."

"ಅಂಕಲ್, ಸಹಿ ಬ್ಯಾಡ್ರಿ! ಹೊತ್ತಾತು!" ಕಾತ್ಯಾಯಿನಿ ಕೂಗಿದಳು.

"ಸಹಿ ಇಲ್ದೆ ಹೇಗಮ್ಮ ಕೊಡೋದು? ನಾಳೆ ಯಾರಾದ್ರೂ ಕೇಳಿದ್ರೆ?"

"ಗಂಬೂಟ್ ಹಾಕ್ಕೊಂಡು ವೋಟ್ ಮಾಡಿದ್ರೆ ನಡೆಯತ್ತಾ ಆಂಟಿ?" ಎಂದು ರಮಾ ಪದ್ಮಾವತಿಯನ್ನು ಕೇಳಿದಳು.

"ಪೂಜೇಲಿಟ್ಟಿದ್ದು ಕಣೇ, ಬೂಟ್ ಕಾಲಲ್ಲಿ ಮುಟ್ಬೇಡ. ಕೈಯಲ್ಲಿ ತಗೋ!" ಎಂದರು ಪದ್ಮಾವತಿ, ಗಾಬರಿಯಲ್ಲಿ. ತಮ್ಮ ಮತ್ತು ಗಂಡನ ಲಕೋಟೆ ಹಿಡಿದು ರಮಾಳ ಕಾರಿನಲ್ಲೇ ಹತ್ತಿ ಕುಳಿತರು. ಅವರು ಗಂಡನದನ್ನು ಒಯ್ಯಬಹುದಿತ್ತು. ಮನೆಯವರು.

ಹನ್ನೊಂದೂಮುಕ್ಕಾಲಿಗೆ ಗೇಟು ಖಾಲಿಯಾಯಿತು. ಒಂಬತ್ತು ಲಕೋಟೆ ಆಗಲೇ ಹೊರಟಿದ್ದವು. ಹತ್ತನೆಯದನ್ನು ಕೊನೆಗೆ ಬಂದ ಶ್ರೀನಿವಾಸ್ ಹಿಡಿದುಕೊಂಡು ಹೋದ. ನಾಲ್ಕು ಉಳಿದವು. ಶಿವಪ್ರಸಾದ್ ಮತ್ತು ಅನುರಾಧಾ, ಗಂಡಹೆಂಡತಿ ಇಬ್ಬರೂ ನರ್ಸ್. ಇಬ್ಬರಿಗೂ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಬೆಳಗಿನ ಶಿಫ್ಟ್. ಉದಯಶಂಕರ್ ತಂಗಿಯ ಮನೆಗೆಂದು ದೂರದ ಪಾಪಕುರಾಕ್ಕೆ ಹೋಗಿದ್ದ. ನಾಲ್ಕನೆಯದರ ಹಿಂದೆ ಅಂಕಲ್‌ರ ದುಂಡನೆ ಅಕ್ಷರದಲ್ಲಿ 'ಪ್ರಕಾಶ್' ಎಂದಿತ್ತು.

ಕಾತ್ಯಾಯಿನಿ ಗಂಡನಿಗೆ ಫೋನ್ ಹಚ್ಚಿದಳು.

"ರೀ, ನಿಮ್ಮ ಲಕೋಟೆ ಎಲ್ಲೈತಿ?"

"ಅಂಕಲ್ ಕಡೆ ಕೊಟ್ಟೇನಲ್ಲ. ಯಾಕ?"

"ಹೆಂಡ್ತಿ ಚುನಾವಣೆಗೆ ನಿಂತಾಳ. ಅಂಚೆ ಡಬ್ಬಿ ಮನಿಯಿಂದ ಮುನ್ನೂರು ಹೆಜ್ಜಿ. ಅಷ್ಟು ದೂರ ಆತೇನ್ರಿ ನಿಮಗ?"

"ಅಂಕಲ್ ಅಂದ್ರ ಮನಿಯವರ ಅಲ್ಲೇನು? ನೀನ ಬರದೀಯಲ್ಲ ಚೀಟಿಯೊಳಗ." ವಿಷಯ ತಿಳಿದ ಮೇಲೆ ಅವನ ದನಿ ಇಳಿಯಿತು. "ಈಗ ಬಂದ್ರೂ ಒಂದು ತಾಸು ಬೇಕು, ಕಾತ್ಯಾ. ನೀ ನನ್ನ ಹೆಂಡ್ತಿ ಅದೀಯಲ್ಲ, ನನ್ನದೊಂದು ನೀನ ಹಾಕು."

ಹಿಂದಿನಿಂದ ಮಾನ್ಯಳ ದನಿ ಕೇಳಿತು. "ಮಮ್, ಜಸ್ಟ್ ಡ್ರಾಪ್ ದೆಮ್ ಇನ್! ನೋಬಡಿ ಕೇರ್ಸ್!"

ಗಂಡ ಹೇಳಿದ್ದೇ ಕಷ್ಟಕ್ಕಿಟ್ಟಿತು. ಬೇರೆ ಮೂರನ್ನು ಮುಟ್ಟಬಾರದೆಂಬುದು ಸ್ಪಷ್ಟ. ಆದರೆ ಪ್ರಕಾಶನದು? ಹೆಂಡತಿಯಾಗಿ ಅವಳು ಒಯ್ಯಬಹುದು, ಉಮೇದುವಾರಳಾಗಿ ಒಯ್ಯಬಾರದು. ನಿಯಮ ಬರೆದವಳೇ ನಿಯಮದ ಎರಡೂ ತುದಿಯಲ್ಲಿ ನಿಂತಿದ್ದಳು. ಕಾರಿನ ಕೀಲಿ ಸೊಂಟದಲ್ಲಿತ್ತು. ಹತ್ತು ನಿಮಿಷದ ದಾರಿಗೆ ಸರಿಯಾಗಿ ಹತ್ತು ನಿಮಿಷವಿತ್ತು.

ಆಗ ಅವಳಿಗೆ ಮೇವಿಸ್ ನೆನಪಾದಳು. ಹನ್ನೆರಡು ವರ್ಷದಿಂದ ನೆನಪಾಗದಂತೆ ನೋಡಿಕೊಂಡಿದ್ದ ಮೇವಿಸ್. ಟ್ರೆವರ್ ಚೀಲ ಮಡಚಿ ಹೋದ ಆ ಗುರುವಾರ, ಕಿಟಕಿಯ ಬಳಿಯ ಕುರ್ಚಿಯಿಂದ ಆ ಮುದುಕಿ, "ಒಳ್ಳೆಯದು ಮಾಡಿದೆ ಮಗಳೇ. ಈಗ ನನ್ನದನ್ನು ಯಾರು ಹಾಕುತ್ತಾರೆ?" ಎಂದು ಕೇಳಿದ್ದಳು. ಮಗ ಭಾನುವಾರ ಬರುತ್ತಾನಲ್ಲ ಎಂದಿದ್ದಳು ಕಾತ್ಯಾಯಿನಿ. ಮಗ ಬರಲಿಲ್ಲ. ಸಿಬ್ಬಂದಿಯೂ ಮುಟ್ಟಬಾರದೆಂದು ಕಾತ್ಯಾಯಿನಿಯೇ ಹೇಳಿಯಾಗಿತ್ತು. ಮೇವಿಸ್ ತೀರಿಕೊಂಡ ಮೇಲೆ ಡ್ರಾಯರ್ ಖಾಲಿ ಮಾಡುವಾಗ ಕರವಸ್ತ್ರಗಳ ಕೆಳಗೆ ಲಕೋಟೆ ಸಿಕ್ಕಿತು. ಹುಡುಕಿದರೆ ಅಂಥವು ಆರು ಸಿಕ್ಕವು. ಪತ್ರಿಕೆಯವರು ಅದನ್ನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಟ್ರೆವರ್ ಆ ಮುದುಕಿಯರಿಗೆ ಬೇರೆಯವನಾಗಿರಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಮನೆಯವನು ಅವನೊಬ್ಬನೇ. ಅವನನ್ನು ಬಾಗಿಲಲ್ಲಿ ತಡೆದದ್ದು ಸರಿಯಾಗಿತ್ತು. ತಡೆದ ಮೇಲೆ ಹಿಂಬದಿಗೆ ಹೋಗಿ ನೋಡದೆ ಇದ್ದದ್ದು ಸರಿಯಾಗಿರಲಿಲ್ಲ.

ಈಗ ನಾಲ್ಕು ಲಕೋಟೆ ಒಯ್ದು ಹಾಕಿದರೆ ಆ ಆರನ್ನು ಹಾಕಿದಂತಾಗುವುದಿಲ್ಲ. ಮೇವಿಸಳದನ್ನು ತಡೆದ ಕೈ ಗಂಡನದನ್ನು ಹಾಕುವುದು ಹೇಗೆ?

"ಇರಲಿ ಬಿಡ್ರಿ," ಎಂದು ಫೋನ್ ಇಟ್ಟಳು.

ಹನ್ನೆರಡೂಕಾಲಿಗೆ ಶ್ರೀನಿವಾಸ್ ಲಕೋಟೆಯ ಸಮೇತ ಮರಳಿ ಬಂದ. "ರಸ್ತೆ ತುಂಬ ಕುರಿ, ಕಾತ್ಯಾಯಿನಿ ಅವರೇ. ಹಾರ್ನ್ ಹೊಡೆದ್ರೆ ನನ್ನನ್ನೇ ನೋಡ್ತಾವೆ. ಹೋಗೋಷ್ಟರಲ್ಲಿ ಒಂದು ನಿಮಿಷ ಮೀರಿತ್ತು."

ಹೀಗೆ ನಾಲ್ಕು ಐದಾಯಿತು.

ಶನಿವಾರ ಸಂಜೆಯ ಎಣಿಕೆಯಲ್ಲಿ ಟ್ರೆವರ್ ಏಳು ಮತ ಮುಂದಿದ್ದ. ಗುರುವಾರ ಅಂತಿಮ ಎಣಿಕೆ ಬಂದಾಗ ಅಂತರ ಮೂರಕ್ಕೆ ಇಳಿದಿತ್ತು, ಅಲ್ಲೇ ನಿಂತಿತು. ಮೂರು ಮತಗಳಿಂದ ಕಾತ್ಯಾಯಿನಿ ಸೋತಳು.

ಆ ಸಂಜೆ ಪದ್ಮಾವತಿ ಬಂದು ಸೋಫಾದಲ್ಲಿ ಕುಳಿತು ಅತ್ತರು. ಅವರ ಮನೆಯಲ್ಲಿ ಗೊಂಬೆಗಳು ಹಾಗೇ ಮೆಟ್ಟಿಲ ಮೇಲಿದ್ದವು. ಇಳಿಸಲು ಕೈ ಬರುತ್ತಿಲ್ಲ ಎಂದರು. ಐವರಲ್ಲಿ ನಾಲ್ವರು, ಪ್ರಕಾಶನೂ ಸೇರಿ, ನಮ್ಮದು ನಿಮಗೇ ಇತ್ತು ಎಂದು ಆಣೆ ಇಟ್ಟರು. ಉದಯಶಂಕರ್ ಮಾತ್ರ ದೀಪಾವಳಿಯ ದಿನ ಬಂದು, ತೆರಿಗೆ ಏರಿದ್ದರ ಬಗ್ಗೆ ಏನೋ ತೊದಲಿ, "ನನ್ನ ಲಕೋಟೇಲಿ..." ಎಂದು ಶುರು ಮಾಡಿದ.

"ಹೇಳಬ್ಯಾಡಪಾ. ಅದು ನಿನ್ನ ಗುಟ್ಟು," ಎಂದು ಕಾತ್ಯಾಯಿನಿ ಅವನ ಕೈಗೆ ಕರ್ಚಿಕಾಯಿಯ ತಟ್ಟೆ ಕೊಟ್ಟಳು. ಲಕೋಟೆಯನ್ನೂ ಒಡೆಯದೆ ಮರಳಿಸಿದಳು.

ಪ್ರಮಾಣವಚನದ ಹಿಂದಿನ ದಿನ ಟ್ರೆವರ್ ಮನೆಗೆ ಬಂದ, ಸ್ಕೋನಿನ ಡಬ್ಬಿ ಹಿಡಿದು. ಊರು ಸಣ್ಣದು, ಕೆಂಪು ವಸ್ತ್ರದ ಕತೆ ಅವನಿಗೂ ಮುಟ್ಟಿತ್ತು.

"ಹಾಕಿಬಿಡಬಹುದಿತ್ತು ನೀವು. ಯಾರಿಗೂ ತಿಳಿಯುತ್ತಿರಲಿಲ್ಲ," ಎಂದ.

"ನೀವೂ ಆವತ್ತು ಹಾಕಿಬಿಡಬಹುದಿತ್ತು. ನಾನು ಬಿಡಲಿಲ್ಲ." ಅವಳು ಚಹಾ ಸೋಸಿ ಎದುರಿಗಿಟ್ಟಳು. "ಆ ವರ್ಷ ಆರು ಲಕೋಟೆ ಹೋಗಲೇ ಇಲ್ಲ ಟ್ರೆವರ್. ಈವರೆಗೂ ನಾನು ಯಾರಿಗೂ ಹೇಳಿಲ್ಲ."

"ನನಗೆ ಗೊತ್ತಿತ್ತು. ಗುರುವಾರ ಗುರುವಾರ ಹೋಗುತ್ತಿದ್ದೆನಲ್ಲ, ಮೇವಿಸ್ ತನ್ನದನ್ನು ತೆಗೆದು ತೋರಿಸಿದ್ದಳು."

"ಆಗ ಯಾಕೆ ಸುಮ್ಮನಿದ್ದಿರಿ? ಪತ್ರಿಕೆಗೆ ಹೇಳಿದ್ದರೆ ನಾನು ಮೊದಲ ಚುನಾವಣೆಯನ್ನೇ ಗೆಲ್ಲುತ್ತಿರಲಿಲ್ಲ."

ಟ್ರೆವರ್ ಚಹಾ ಕಲಕಿದ, ಸಕ್ಕರೆ ಹಾಕಿಕೊಂಡಿರದಿದ್ದರೂ. "ನೀವು ಹೇಳಿದ್ದು ಸರಿಯಿತ್ತು. ಸರಿಯಾಗಿದ್ದವರ ಮೇಲೆ ದೂರು ಕೊಡುವುದು ಹೇಗೆಂದು ನನಗೆ ತಿಳಿಯಲಿಲ್ಲ."

ಮೇಯರ್ ಸರವನ್ನು ಅವಳು ಹಳೆಯ ಟವೆಲಿನಲ್ಲಿ ಸುತ್ತಿ ಇಟ್ಟಿದ್ದಳು. ಅದನ್ನು ಅವನ ಕೈಗಿಡುವಾಗ ಒಂದು ಕೊಂಡಿಯಲ್ಲಿ ಇಳಕಲ್ ಸೀರೆಯ ಕೆಂಪು ಎಳೆಯೊಂದು ಸಿಕ್ಕಿಕೊಂಡಿತ್ತು. ಟ್ರೆವರ್ ಅದನ್ನು ಬಿಡಿಸಹೋಗಿ, ಬಿಡಿಸಲಾರದೆ ಹಾಗೇ ಒಯ್ದ.

ಹೊಸ ಕೌನ್ಸಿಲಿನ ಮೊದಲ ಸಭೆ ನವೆಂಬರಿನಲ್ಲಿ. ಸಭೆಯ ಮೊದಲಿಗೆ ಯಾವ ನಾಗರಿಕನಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಮಾಜಿ ಮೇಯರ್ ಕೊಳವೆಯ ಬಗ್ಗೆ ಗುಡುಗುತ್ತಾಳೆಂದು ಪತ್ರಿಕೆಯವರು ಬಂದಿದ್ದರು. ಕೊಳವೆಯ ಬಗ್ಗೆ ಮಾತಾಡಲು ಕೆಳಬೀದಿಯಿಂದ ಒಬ್ಬಾಕೆ ತನ್ನ ನೆನೆದು ಹಾಳಾದ ಕಾರ್ಪೆಟ್ಟಿನ ತುಂಡು ಹಿಡಿದು ಬಂದಿದ್ದಳು. ನಿಮ್ಮ ನೀರು, ನಿಮ್ಮ ಬಾಯಿಂದಲೇ ಹೇಳಿ ಎಂದು ಕಾತ್ಯಾಯಿನಿಯೇ ಅವಳನ್ನು ಕಳಿಸಿದ್ದಳು. ಟ್ರೆವರ್ ಕಾರ್ಪೆಟ್ಟನ್ನು ಮೂಸಿ ನೋಡಿ, ಕೊಳವೆಯ ಬಗ್ಗೆ ಇನ್ನೊಮ್ಮೆ ವರದಿ ತರಿಸೋಣ ಎಂದ. ಕೌನ್ಸಿಲಿನ ಭಾಷೆಯಲ್ಲಿ ಅದು ಸೋಲೂ ಅಲ್ಲ, ಗೆಲುವೂ ಅಲ್ಲ.

ನಂತರ ಕಾತ್ಯಾಯಿನಿ ಎದ್ದಳು. ಹಿಂದಿನ ಸಾಲಿನಲ್ಲಿ ವಾಸುದೇವ್ ದಿಂಬಿನ ಮೇಲೆ ಕುಳಿತು ಪೆನ್ಸಿಲ್ ತೆಗೆದರು. ಅವಳು ಮೊದಲು ಆರು ಲಕೋಟೆಗಳ ಬಗ್ಗೆ ಹೇಳಿದಳು. ಪತ್ರಿಕೆಯವರು ತಲೆ ಎತ್ತಿದರು. ನಂತರ ಐದರ ಬಗ್ಗೆ ಹೇಳಿದಳು. ಯಾರು ಯಾರ ಮನೆಯವರೆಂದು ಹನ್ನೆರಡು ವರ್ಷ ತಾನೇ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಿದ್ದಾಗಿ, ಅದು ಯಾರೊಬ್ಬರೂ ಮಾಡುವ ಕೆಲಸವಲ್ಲವೆಂದು ಹೇಳಿದಳು. ಲಕೋಟೆಗೆ ಕಾಲಿಲ್ಲದಿದ್ದರೆ ಪೆಟ್ಟಿಗೆಗೆ ಗಾಲಿ ಹಾಕಿ. ಚುನಾವಣೆಗೆ ನಿಲ್ಲದ ಇಬ್ಬರು ಸಿಬ್ಬಂದಿ ಅದನ್ನು ವೃದ್ಧಾಶ್ರಮಕ್ಕೆ, ಆಸ್ಪತ್ರೆಗೆ, ಕರೆದ ಬೀದಿಗೆ ಒಯ್ಯಲಿ. ಇದಿಷ್ಟೇ ಅವಳ ಕೇಳಿಕೆ. ಎರಡು ನಿಮಿಷ ಐವತ್ತು ಸೆಕೆಂಡ್. ಟ್ರೆವರ್ ಅದಕ್ಕೂ ವರದಿ ತರಿಸೋಣ ಎಂದ. ಆದರೆ ದಿನಾಂಕ ಹಾಕಿದ. ವರದಿಗೆ ದಿನಾಂಕ ಹಾಕಿದರೆ ಅದಕ್ಕೆ ಜೀವ ಇದೆಯೆಂದು ಒಂಬತ್ತು ವರ್ಷ ಅಲ್ಲಿ ಕುಳಿತಿದ್ದವಳಿಗೆ ಗೊತ್ತಿತ್ತು.

ಹೊರಗೆ ಬಂದಾಗ ವಾಸುದೇವ್ ಕೇಳಿದರು. "ಹಾಗಾದ್ರೆ ನಾನು ಮನೆಯವನಾ, ಬೇರೆಯವನಾ? ಕೊನೆಗೂ ಹೇಳ್ಲಿಲ್ವಲ್ಲಮ್ಮ."

"ನನ್ನ ಮನಿಯವರ ಅದೀರಿ ಅಂಕಲ್. ಅದಕ್ಕ ನಿಮ್ಮ ಕೈಯಾಗ ಇನ್ನ ಲಕೋಟೆ ಕೊಡೂದಿಲ್ಲ," ಎಂದಳು ಕಾತ್ಯಾಯಿನಿ.

ಮರುದಿನ ಪದ್ಮಾವತಿ ಗೊಂಬೆ ಇಳಿಸಿದರು. ಕಾತ್ಯಾಯಿನಿ ಏಣಿ ಹತ್ತಿದಳು, ಪ್ರಕಾಶ್ ಹಳೆ ಪೇಪರ್ ಹರಿದು ಕೊಟ್ಟ. ಪಟ್ಟದ ಗೊಂಬೆ, ಶೆಟ್ಟಿ ದಂಪತಿ, ಬ್ಯಾಂಡ್ ಬಾಜಾದವರು ಎಲ್ಲರೂ ರಟ್ಟಿನ ಪೆಟ್ಟಿಗೆ ಸೇರಿದರು. ಕೊನೆಗೆ ಪದ್ಮಾವತಿ ಅಡಿಗೆಮನೆಯಿಂದ ಒಂದು ಬೆಂಕಿಪೊಟ್ಟಣ ತಂದರು. ಅದಕ್ಕೆ ಕಿತ್ತಳೆ ಬಣ್ಣ ಬಳಿದು, ಮೇಲೊಂದು ಸೀಳು ಕೊಯ್ದು, ಕೆಳಗೆ ನಾಲ್ಕು ಗುಂಡಿ ಅಂಟಿಸಿದ್ದರು, ಗಾಲಿಯೆಂದು.

"ಮುಂದಿನ ವರ್ಷ ರಾಜ ರಾಣಿ ಪಕ್ಕ ಇಡ್ತೀನಿ," ಎಂದರು.

ವಾಸುದೇವ್ ಅದನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿದರು. ಸೀಳಿಗೆ ಕಣ್ಣಿಟ್ಟು ನೋಡಿದರು. ನಂತರ ರಟ್ಟಿನ ಪೆಟ್ಟಿಗೆಯ ಬದಿಯ ಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆದರು: ಮತಪೆಟ್ಟಿಗೆ, ಒಂದು. ಒಳಗೆ ಏನೂ ಇಲ್ಲ, ಖುದ್ದಾಗಿ ಪರಿಶೀಲಿಸಿದೆ.